ಪ್ರೀತಿ ಬೆಂಗಳೂರಲ್ಲಿ, ನೋಟಿಸ್ ಹಾಸನದಲ್ಲಿ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಇವತ್ತು ಹೇಳ್ತಿರೋದು ಒಂದು ಕಾಗದದ ಇತಿಹಾಸ. ಅದು ಪ್ರೇಮಪತ್ರ ಅಲ್ಲ, ಸರ್ಕಾರಿ ಕಾಗದ. ಆದ್ರೆ ಪ್ರೀತಿ ಮಾಡಿದ ಎಷ್ಟೋ ಜನರ ನಿದ್ದೆ ಕೆಡಿಸಿರೋದು ಇದೇ ಕಾಗದ.

ಮೊದಲು ಇಬ್ಬರನ್ನು ಊಹೆ ಮಾಡ್ಕೊಳ್ಳಿ. ಅವಳು ಅರಕಲಗೂಡಿನ ಕಡೆಯವಳು, ಅವನು ಹೊಳೆನರಸೀಪುರದ ಹುಡುಗ. ಎರಡೂ ಹಾಸನ ಜಿಲ್ಲೆಯ ಅಕ್ಕಪಕ್ಕದ ತಾಲ್ಲೂಕುಗಳೇ. ಆದರೆ ಊರಲ್ಲಿದ್ದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇರಲಿಲ್ಲ. ಭೇಟಿಯಾಗಿದ್ದು ಬೆಂಗಳೂರಲ್ಲಿ, ಒಂದು ಆಫೀಸಿನ ಕ್ಯಾಂಟೀನಲ್ಲಿ. "ಎಲ್ಲಿಯವ್ರು ನೀವು?" "ಹಾಸನ." "ಹಾಸನದಲ್ಲಿ ಎಲ್ಲಿ?" ಅಂತ ಶುರುವಾದ ಮಾತು. ಎರಡು ವರ್ಷ ಆಯ್ತು, ಮದುವೆ ಆಗಬೇಕು. ಇಬ್ಬರ ಧರ್ಮ ಬೇರೆ ಬೇರೆ. ಯಾರದು ಯಾವ ಧರ್ಮ ಅಂತ ನಾನು ಹೇಳೋದಿಲ್ಲ, ಈ ಕಥೆಗೆ ಅದು ಬೇಕಾಗಿಲ್ಲ.

ಇಬ್ಬರೂ ಮತಾಂತರ ಆಗದೆ, ಇರೋ ಹಾಗೇ ಮದುವೆ ಆಗೋಕೆ ಭಾರತದಲ್ಲಿ ಒಂದು ಕಾನೂನು ಇದೆ, 1954ರ ವಿಶೇಷ ವಿವಾಹ ಕಾಯ್ದೆ. ನೋಟಿಸ್ ಕೊಡೋ ಮುಂಚೆ ಇಬ್ಬರಲ್ಲಿ ಒಬ್ಬರಾದ್ರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸ ಇರಬೇಕು. ಅವರು ಬೆಂಗಳೂರಲ್ಲೇ ಇದ್ದಾರೆ, ಅದೇನೂ ತೊಂದರೆ ಇಲ್ಲ. ಆಫೀಸಿಗೆ ಹೋಗಿ ಅರ್ಜಿ ಕೊಟ್ಟರು. ಆ ನೋಟಿಸನ್ನು ಅಲ್ಲಿ ಎಲ್ಲರಿಗೂ ಕಾಣೋ ಜಾಗದಲ್ಲಿ ಅಂಟಿಸ್ತಾರೆ. 30 ದಿನದೊಳಗೆ ಯಾರು ಬೇಕಾದ್ರೂ ಆಕ್ಷೇಪಣೆ ಹಾಕಬಹುದು.

ಇಲ್ಲಿವರೆಗೂ ಸುಮಾರು ಜನಕ್ಕೆ ಗೊತ್ತು. ಗೊತ್ತಿಲ್ಲದೇ ಇರೋದು ಮುಂದಿನ ಸಾಲು. ಕಾಯ್ದೆಯ 6ನೇ ಸೆಕ್ಷನ್‌ನ ಮೂರನೇ ಉಪವಿಭಾಗ ಹೇಳೋದು ಏನಂದ್ರೆ: ಇಬ್ಬರಲ್ಲಿ ಯಾರಾದರೂ ಆ ಜಿಲ್ಲೆಯಲ್ಲಿ ಕಾಯಂ ಆಗಿ ವಾಸ ಇಲ್ಲದೇ ಹೋದರೆ, ನೋಟಿಸಿನ ಒಂದು ಪ್ರತಿಯನ್ನು ಅವರು ಕಾಯಂ ಆಗಿ ವಾಸ ಇರೋ ಜಿಲ್ಲೆಯ ಮ್ಯಾರೇಜ್ ಆಫೀಸರ್‌ಗೆ ಕಳಿಸಬೇಕು. ಆ ಆಫೀಸರ್ ಅದನ್ನು ತಮ್ಮ ಆಫೀಸಲ್ಲೂ ಎದ್ದು ಕಾಣೋ ಹಾಗೆ ಅಂಟಿಸಬೇಕು.

ಅಂದ್ರೆ ಪ್ರೀತಿ ಮಾಡಿದ್ದು ಬೆಂಗಳೂರಲ್ಲಿ, ನೋಟಿಸ್ ಅಂಟೋದು ಹಾಸನದ ಕಡೆಯ ಗೋಡೆಗೆ. ಆ ಗೋಡೆ ಮುಂದೆ ದಿನಾ ಯಾರು ನಿಂತಿರ್ತಾರೆ ಯೋಚನೆ ಮಾಡಿ. ನಮ್ಮಲ್ಲಿ ಮದುವೆ ನೋಂದಣಿ ಆಗೋದು ಜಮೀನು ನೋಂದಣಿ ಆಗೋ ಸಬ್ ರಿಜಿಸ್ಟ್ರಾರ್ ಆಫೀಸಲ್ಲೇ. ಕ್ರಯ ಮಾಡಿಸೋರು, ವಿಭಾಗಪತ್ರ ಮಾಡಿಸೋರು, ಪತ್ರ ಬರೆಯೋರು, ಸಾಕ್ಷಿ ಹಾಕೋಕೆ ಬಂದ ಪಕ್ಕದ ಊರಿನ ಯಜಮಾನ್ರು, ಎಲ್ಲರೂ ಅಲ್ಲಿರ್ತಾರೆ. ತಾಲ್ಲೂಕಲ್ಲಿ ಯಾರು ಯಾರ ಮಗಳು ಅಂತ ಗೊತ್ತಿರೋರೇ ಅಲ್ಲಿ ಸೇರೋದು.

ಈ 30 ದಿನ, ಈ ಗೋಡೆ, ಇದೆಲ್ಲ ಯಾರ ತಲೆಯಿಂದ ಬಂತು? ಅದಕ್ಕೆ ಸ್ವಲ್ಪ ದೂರ ಹೋಗಬೇಕು. ಇಂಗ್ಲೆಂಡಿಗೆ.

ಅಲ್ಲಿ ಹಳೇ ಪದ್ಧತಿ ಏನಿತ್ತಪ್ಪಾ ಅಂದ್ರೆ, ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಪಾದ್ರಿ ಹುಡುಗ-ಹುಡುಗಿ ಹೆಸರನ್ನು ಗಟ್ಟಿಯಾಗಿ ಓದೋರು. ಇವರಿಬ್ಬರು ಮದುವೆ ಆಗ್ತಾರೆ, ಯಾರದಾದ್ರೂ ತಕರಾರು ಇದ್ರೆ ಹೇಳಿ ಅಂತ. ನಮ್ಮಲ್ಲಿ ಡಂಗೂರ ಸಾರ್ತಿದ್ರಲ್ಲ, ಹೆಚ್ಚೂಕಮ್ಮಿ ಹಾಗೆ. ಆಗ ಅದಕ್ಕೊಂದು ಅರ್ಥವೂ ಇತ್ತು. ಆಧಾರ್ ಇಲ್ಲ, ರೆಕಾರ್ಡ್ ಇಲ್ಲ. ಇನ್ನೊಂದು ಊರಲ್ಲಿ ಹೆಂಡತಿ ಬಿಟ್ಟು ಬಂದ ಗಂಡಸು ಇಲ್ಲಿ ಇನ್ನೊಬ್ಬಳನ್ನ ಕಟ್ಕೋಬಹುದು. ಅದನ್ನ ತಡೆಯೋಕೆ ಊರಿನ ನೆನಪೇ ದಾಖಲೆ ಪುಸ್ತಕ.

1754ರಲ್ಲಿ ಇಂಗ್ಲೆಂಡಿನಲ್ಲಿ ಈ ನಿಯಮವನ್ನ ಕಾನೂನು ಬಿಗಿ ಮಾಡ್ತು. ಆಗ ಏನಾಯ್ತು ಗೊತ್ತಾ? ಹುಡುಗ-ಹುಡುಗಿ ಓಡೋಕೆ ಶುರು ಮಾಡಿದ್ರು. ಗಡಿ ದಾಟಿದ್ರೆ ಸ್ಕಾಟ್ಲೆಂಡ್, ಅಲ್ಲಿ ಈ ಕಾನೂನು ನಡೆಯಲ್ಲ. ಗಡಿ ದಾಟಿದ ತಕ್ಷಣ ಸಿಗೋ ಹಳ್ಳಿ ಗ್ರೆಟ್ನಾ ಗ್ರೀನ್. ಅಲ್ಲಿ ಕಮ್ಮಾರನೇ ಕುಲುಮೆಯ ಅಡಿಗಲ್ಲಿನ ಮುಂದೆ ನಿಲ್ಲಿಸಿ ಮದುವೆ ಮಾಡಿಸೋನು. ಹಿಂದೆಯಿಂದ ಅಪ್ಪಂದಿರು ಕುದುರೆ ಗಾಡಿ ಓಡಿಸ್ಕೊಂಡು ಬರೋರು. ಥೇಟ್ ನಮ್ಮ ಸಿನಿಮಾ. ನೂರು ವರ್ಷ ಇದು ನಡೀತು. ಆಮೇಲೆ 1856ರಲ್ಲಿ ಒಂದು ಕಾನೂನು ಮಾಡಿ, ಸ್ಕಾಟ್ಲೆಂಡಲ್ಲಿ ಮದುವೆ ಆಗಬೇಕಾದ್ರೆ ಇಬ್ಬರಲ್ಲಿ ಒಬ್ಬರಾದ್ರೂ 21 ದಿನ ಅಲ್ಲಿ ಇದ್ದಿರಬೇಕು ಅಂದ್ರು. ಇಷ್ಟು ದಿನ ವಾಸ ಇರಬೇಕು ಅನ್ನೋ ಷರತ್ತು ಓಡಿಹೋಗೋರಿಗೆ ಹೇಗೆ ಬೇಲಿ ಆಗುತ್ತೆ ಅಂತ ಇಲ್ಲೇ ಕಾಣುತ್ತೆ.

ಇದರ ನಡುವೆ 1836ರಲ್ಲಿ ಇಂಗ್ಲೆಂಡಿನಲ್ಲಿ ಚರ್ಚ್ ಬಿಟ್ಟು ರಿಜಿಸ್ಟರ್ ಆಫೀಸಿನಲ್ಲೂ ಮದುವೆ ಆಗಬಹುದು ಅಂತಾಯ್ತು. ಪಾದ್ರಿ ಹೋದ, ಗುಮಾಸ್ತ ಬಂದ. ಆದ್ರೆ ಕೂಗೋ ಪದ್ಧತಿ ಹೋಗಲಿಲ್ಲ, ಅದು ನೋಟಿಸ್ ಆಯ್ತು. ಆ ನೋಟಿಸ್ ಹಡಗು ಹತ್ತಿ ಕಲ್ಕತ್ತೆಗೆ ಬಂತು.

ಕಲ್ಕತ್ತೆಯಲ್ಲಿ ಬ್ರಹ್ಮ ಸಮಾಜದವರು ಜಾತಿ ನೋಡದೆ, ಹಳೇ ವಿಧಿಗಳನ್ನ ಬಿಟ್ಟು ಮದುವೆ ಮಾಡ್ತಿದ್ರು. ಈ ಮದುವೆಗಳು ಕಾನೂನಿನ ಮುಂದೆ ನಿಲ್ಲುತ್ತವಾ ಅನ್ನೋ ಪ್ರಶ್ನೆ ಬಂತು. ಕೇಶವಚಂದ್ರ ಸೇನ್ ಹೋರಾಟ ಮಾಡಿದ್ರು. ಅದರ ಫಲವೇ 1872ರ ಮೂರನೇ ಕಾಯ್ದೆ. ಅದರಲ್ಲಿ ಒಂದು ವಿಚಿತ್ರ ಷರತ್ತು ಇತ್ತು. ಮದುವೆ ಆಗೋರು ಇಬ್ಬರೂ, ನಾನು ಕ್ರೈಸ್ತ ಅಲ್ಲ, ಯಹೂದಿ ಅಲ್ಲ, ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಪಾರ್ಸಿ ಅಲ್ಲ, ಬೌದ್ಧ ಅಲ್ಲ, ಸಿಖ್ ಅಲ್ಲ, ಜೈನ ಅಲ್ಲ ಅಂತ ಬರೆದುಕೊಡಬೇಕು. ಪ್ರೀತಿ ಮಾಡಿದ ತಪ್ಪಿಗೆ ಎಂಟು ಧರ್ಮಕ್ಕೆ ರಾಜೀನಾಮೆ! 1923ರಲ್ಲಿ ಹರಿಸಿಂಗ್ ಗೌರ್ ಅನ್ನೋ ಶಾಸಕರು ತಿದ್ದುಪಡಿ ತಂದ ಮೇಲೆ ಹಿಂದೂ, ಬೌದ್ಧ, ಸಿಖ್, ಜೈನರು ತಮ್ಮತಮ್ಮೊಳಗೆ ಹೀಗೆ ಬರೆದುಕೊಡದೆ ಮದುವೆ ಆಗೋಕೆ ದಾರಿಯಾಯ್ತು. ಉಳಿದವರು 1954ರವರೆಗೆ ಕಾಯಬೇಕಾಯ್ತು.

ಇಲ್ಲಿ ಒಂದು ಸಣ್ಣ ಅಡ್ಡಮಾತು. ಈ ಕಾಯ್ದೆಗಾಗಿ ಅಷ್ಟು ಓಡಾಡಿದ ಕೇಶವಚಂದ್ರ ಸೇನರು 1878ರಲ್ಲಿ ತಮ್ಮ ಮಗಳನ್ನ ಕೂಚ್ ಬಿಹಾರದ ರಾಜನಿಗೆ ಕೊಟ್ಟು ಮದುವೆ ಮಾಡಿದ್ರು. ಕಾಯ್ದೆಯಲ್ಲಿ ಹುಡುಗಿಗೆ 14 ವರ್ಷ ಆಗಿರಬೇಕು ಅಂತಿತ್ತು, ಆ ಹುಡುಗಿಗೆ ಇನ್ನೂ ಆಗಿರಲಿಲ್ಲ. ಬ್ರಹ್ಮ ಸಮಾಜವೇ ಒಡೆದುಹೋಯ್ತು. ಬೇರೆಯವರ ಮಕ್ಕಳ ಮದುವೆಗೆ ಕಾನೂನು ಬರೆಸೋದು ಸುಲಭ ಅಂತ ಕಾಣುತ್ತೆ.

ಸರಿ, ನೋಟಿಸ್ ವಿಷಯಕ್ಕೆ ಬರೋಣ. 1872ರ ಕಾಯ್ದೆಯಲ್ಲಿ ನೋಟಿಸ್ ಕೊಟ್ಟ ಮೇಲೆ ಕಾಯಬೇಕಾಗಿದ್ದು 14 ದಿನ. ಆಮೇಲೆ ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, 1955ರ ಜನವರಿ 1ರಿಂದ ಹೊಸ ವಿಶೇಷ ವಿವಾಹ ಕಾಯ್ದೆ ಜಾರಿಗೆ ಬಂತು. ಧರ್ಮಕ್ಕೆ ರಾಜೀನಾಮೆ ಕೊಡೋ ಷರತ್ತು ಹೋಯ್ತು. ಅದು ನಿಜವಾಗಿಯೂ ದೊಡ್ಡ ಹೆಜ್ಜೆ. ಆದ್ರೆ 14 ದಿನ ಇದ್ದಿದ್ದು 30 ದಿನ ಆಯ್ತು. ಬ್ರಿಟಿಷರು ಎರಡು ವಾರ ಕಾಯಿಸ್ತಿದ್ರು, ನಾವು ಒಂದು ತಿಂಗಳು ಕಾಯಿಸ್ತೀವಿ.

ನನಗೆ ಈ ಕಾಯ್ದೆ ಓದುವಾಗ ನಗು ಬಂದಿದ್ದು 9ನೇ ಸೆಕ್ಷನ್ನಿಗೆ. ಕೆಟ್ಟ ಉದ್ದೇಶದಿಂದ ಸುಳ್ಳುಸುಳ್ಳೇ ಆಕ್ಷೇಪಣೆ ಹಾಕಿದ್ರೆ ಅವರಿಂದ ಪರಿಹಾರ ಕೊಡಿಸಬಹುದು. ಎಷ್ಟು? ಹೆಚ್ಚೆಂದರೆ 1,000 ರೂಪಾಯಿ. 1954ರಲ್ಲಿ ಸಾವಿರ ರೂಪಾಯಿ ಅಂದ್ರೆ ದೊಡ್ಡ ಮೊತ್ತ. ಇವತ್ತು ಬೆಂಗಳೂರಲ್ಲಿ ಇಬ್ಬರು ಒಂದು ಸಿನಿಮಾ ನೋಡಿ ಊಟ ಮಾಡಿದ್ರೆ ಮುಗೀತು.

ಇನ್ನೊಂದು ಮಾತು ಗಮನದಲ್ಲಿಡಿ. ಆಕ್ಷೇಪಣೆಗೆ ಕಾನೂನು ಒಪ್ಪೋ ಕಾರಣಗಳು ಕೆಲವೇ. ಒಬ್ಬರಿಗೆ ಈಗಾಗಲೇ ಗಂಡನೋ ಹೆಂಡತಿಯೋ ಇರೋದು, ವಯಸ್ಸು ತುಂಬದೇ ಇರೋದು (ಹುಡುಗನಿಗೆ 21, ಹುಡುಗಿಗೆ 18), ಹತ್ತಿರದ ರಕ್ತಸಂಬಂಧ, ಒಪ್ಪಿಗೆ ಕೊಡೋ ಮಾನಸಿಕ ಸ್ಥಿತಿ ಇಲ್ಲದಿರೋದು. ನಮಗೆ ಇಷ್ಟ ಇಲ್ಲ, ನಮ್ಮ ಜಾತಿಯಲ್ಲ, ನೆಂಟರ ಮುಂದೆ ತಲೆ ಎತ್ತೋಕಾಗಲ್ಲ ಅನ್ನೋದು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಕಾನೂನಿನ ಕಾಗದದಲ್ಲಿ ಅಪ್ಪ-ಅಮ್ಮನಿಗೆ ವೀಟೋ ಇಲ್ಲ. ಆದ್ರೆ ಸುದ್ದಿ ಮುಟ್ಟಿಸೋ ವ್ಯವಸ್ಥೆ ಇದೆ. ಆಕ್ಷೇಪಣೆ ಹಾಕೋ ಅಗತ್ಯವೇ ಬರಲ್ಲ, ಸುದ್ದಿ ಮುಟ್ಟಿದ್ರೆ ಸಾಕು. ಮಾರನೇ ದಿನ ಪಿಜಿ ಮುಂದೆ ಊರಿನ ಕಾರು ನಿಂತಿರುತ್ತೆ.

ಈಗ ನಮ್ಮ ಕಡೆಗೆ ಬರೋಣ. ನಮ್ಮ ಅಜ್ಜಿಯಂದಿರ ಕಾಲದ ಹಾಸನದಲ್ಲಿ ಪ್ರೀತಿ ಅನ್ನೋದು ಇರಲಿಲ್ಲವಾ? ಇತ್ತು. ಇರದೇ ಇದ್ದಿದ್ದು ಹೋಗೋಕೆ ಜಾಗ. ಅದಕ್ಕಿಂತ ಮುಂಚೆ ವಯಸ್ಸೂ ಇರಲಿಲ್ಲ. ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹ ತಡೆಯೋ ಕಾನೂನು ಮಾಡ್ತು, ದೇಶದಲ್ಲೇ ಮೊದಮೊದಲ ಕಾನೂನುಗಳಲ್ಲಿ ಅದೊಂದು. ಅದರಲ್ಲಿ ಬೇಡ ಅಂದಿದ್ದು ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಯರ ಮದುವೆ. ಎಂಟು! ಅಷ್ಟು ಹೇಳೋಕೇ ಆಗ ದೊಡ್ಡ ಗಲಾಟೆ ಆಗಿತ್ತು. ಹುಡುಗಿಗೆ ಹದಿನೆಂಟು ಆಗೋವರೆಗೆ ಮದುವೆ ಆಗದೇ ಇರೋದು, ಓದೋಕೆ ಬೇರೆ ಊರಿಗೆ ಹೋಗೋದು, ಸ್ವಂತ ಸಂಬಳ ತಗೊಳ್ಳೋದು, ಈ ಮೂರೂ ಬಂದ ಮೇಲೇನೇ ನಾವು ಈಗ ಪ್ರೀತಿ-ಮದುವೆ ಅಂತ ಮಾತಾಡೋದು ಸಾಧ್ಯ ಆಗಿದ್ದು.

ಬೇರೆ ಊರು ಅಂದ್ರೆ ಆಗ ಮೈಸೂರು. ಹೊಳೆನರಸೀಪುರದವರಿಗೆ ನೂರು ವರ್ಷದಿಂದ ರೈಲಿದೆ. ಮೈಸೂರು, ಹಾಸನ, ಅರಸೀಕೆರೆ ದಾರಿ. ಹತ್ತಿದ್ರೆ ಮಹಾರಾಜಾ ಕಾಲೇಜು, ಮಹಾರಾಣಿ ಕಾಲೇಜು ಇರೋ ಊರಿಗೆ ಇಳೀತಿದ್ರು. ಅರಕಲಗೂಡಿಗೆ ಇವತ್ತಿಗೂ ರೈಲಿಲ್ಲ, ಬಸ್ಸೇ ಗತಿ. ಆದ್ರೂ ಅರಕಲಗೂಡಿನ ಹೆಸರು ಕನ್ನಡ ಕಾದಂಬರಿಗೆ ಅಂಟಿಕೊಂಡಿದೆ. ಅನಕೃ ಅಂತೀವಲ್ಲ, ಆ 'ಅ' ಅಂದ್ರೆ ಅರಕಲಗೂಡು. ಅರಕಲಗೂಡು ನರಸಿಂಗರಾವ್ ಕೃಷ್ಣರಾವ್.

ರೈಲು ಮತ್ತು ಪ್ರೀತಿ ಅಂದ್ರೆ ನನಗೆ ನೆನಪಾಗೋದು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ'. 1965ರ ಕಾದಂಬರಿ. ಆಮೇಲೆ ಬಿ.ವಿ. ಕಾರಂತ, ಗಿರೀಶ ಕಾರ್ನಾಡ ಸೇರಿ ಸಿನಿಮಾ ಮಾಡಿದ್ರು. ಕಾತ್ಯಾಯನಿ, ಗಂಡ ಸತ್ತ ಚಿಕ್ಕ ವಯಸ್ಸಿನ ಸೊಸೆ, ನಂಜನಗೂಡಿನಿಂದ ಮೈಸೂರಿಗೆ ಕಾಲೇಜಿಗೆ ರೈಲಲ್ಲಿ ಓಡಾಡ್ತಾಳೆ. ಮನೆ ಅಲ್ಲೇ ಇದೆ, ಮಾವ ಅಲ್ಲೇ ಇದ್ದಾರೆ, ಮಗು ಅಲ್ಲೇ ಇದೆ. ಆದ್ರೆ ರೈಲು ಹತ್ತಿದ ಮೇಲೆ ಕೆಲವು ಗಂಟೆ ಅವಳು ಯಾರ ಸೊಸೆಯೂ ಅಲ್ಲ. ಅಲ್ಲಿ ಅಧ್ಯಾಪಕ ರಾಜನ ಮೇಲೆ ಪ್ರೀತಿ ಹುಟ್ಟುತ್ತೆ, ಮದುವೆಯೂ ಆಗುತ್ತೆ. ಆ ಪ್ರೀತಿಗೆ ಕಾದಂಬರಿಯಲ್ಲಿ ಸುಖ ಸಿಗಲ್ಲ. ಕಾತ್ಯಾಯನಿಗೆ ಕಾದಂಬರಿಕಾರರು ನ್ಯಾಯ ಮಾಡಿದ್ರಾ ಅಂತ ಓದಿದವರು ಇವತ್ತಿಗೂ ಜಗಳ ಆಡ್ತಾರೆ. ನನ್ನ ಪ್ರಕಾರ ಮಾಡಲಿಲ್ಲ. ಆದ್ರೆ ರೈಲಿನ ಆ ಕೆಲವು ಗಂಟೆಗಳ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅದೇ ಭೈರಪ್ಪನವರ 'ದಾಟು', 1973ರದ್ದು, ನಮ್ಮ ಇವತ್ತಿನ ವಿಷಯಕ್ಕೆ ಇನ್ನೂ ಹತ್ತಿರ. ಪುರೋಹಿತರ ಮಗಳು ಸತ್ಯಭಾಮ, ಗೌಡರ ಮಗ ಶ್ರೀನಿವಾಸ. ಒಂದೇ ಊರು, ಇಬ್ಬರೂ ಓದಿದೋರು. ಹುಡುಗನ ಅಪ್ಪ ಮಂತ್ರಿ. ಮದುವೆ ಆಗಬೇಕು ಅಂತ ಅಂದ್ಕೊಂಡ ಮೇಲೆ ಎರಡೂ ಮನೆ, ಇಡೀ ಊರು ಏಳುತ್ತೆ. ಗಟ್ಟಿಯಾಗಿ ನಿಲ್ಲೋದು ಸತ್ಯಭಾಮ, ಹಿಂದೆ ಸರಿಯೋದು ಶ್ರೀನಿವಾಸ. 1975ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳೇದು ಅಂತ ಬಿಡಬೇಡಿ, ಓದಿ. "ಮನೇಲಿ ಒಪ್ತಾ ಇಲ್ಲ ಕಣೇ, ಸ್ವಲ್ಪ ಟೈಮ್ ಕೊಡು" ಅನ್ನೋ ಹುಡುಗನ ಮೆಸೇಜ್ ನಿಮಗೆ ಬಂದಿದ್ರೆ, ಆ ಪಾತ್ರ ನಿಮಗೆ ಪರಿಚಯ ಇದೆ.

ಕಥೆ ಬಿಟ್ಟು ನಿಜ ಜೀವನಕ್ಕೆ ಬಂದ್ರೆ, ಯು.ಆರ್. ಅನಂತಮೂರ್ತಿ 1950ರ ದಶಕದಲ್ಲಿ ಹಾಸನದಲ್ಲಿ ಪಾಠ ಹೇಳ್ತಿದ್ರು. ಎಸ್ತರ್ ಅವರ ಪರಿಚಯ ಆಗಿದ್ದು ಅಲ್ಲೇ. ಇವರದು ಬ್ರಾಹ್ಮಣ ಕುಟುಂಬ, ಅವರದು ಕ್ರೈಸ್ತ ಕುಟುಂಬ. ಮದುವೆ ಆದ್ರು, ಕೊನೇವರೆಗೂ ಜೊತೆಗಿದ್ರು. ಹೊಸ ವಿಶೇಷ ವಿವಾಹ ಕಾಯ್ದೆ ಬಂದಿದ್ದೂ ಅದೇ ದಶಕದಲ್ಲಿ ಅನ್ನೋದು ನೆನಪಿರಲಿ. ಇನ್ನೊಂದು ಜೋಡಿ ಪೂರ್ಣಚಂದ್ರ ತೇಜಸ್ವಿ, ರಾಜೇಶ್ವರಿ. ಮೈಸೂರಿನಲ್ಲಿ ಓದುವಾಗಿನ ಪ್ರೀತಿ. 1966ರಲ್ಲಿ ಕುಪ್ಪಳಿಯಲ್ಲಿ ಮದುವೆ. ಪುರೋಹಿತರಿಲ್ಲ, ಮುಹೂರ್ತ ಇಲ್ಲ, ವರದಕ್ಷಿಣೆ ಇಲ್ಲ. ಮಗನ ಮದುವೆಗೆ ಕುವೆಂಪು ಕೊಟ್ಟ ಆ ಕ್ರಮವೇ ಮಂತ್ರಮಾಂಗಲ್ಯ. ಆಮೇಲೆ ಎಷ್ಟೋ ಜೋಡಿ ಅದೇ ದಾರಿ ಹಿಡಿದ್ರು. ರಾಜೇಶ್ವರಿಯವರ 'ನನ್ನ ತೇಜಸ್ವಿ' ಪುಸ್ತಕದಲ್ಲಿ ಆ ಕಾಲದ ಪ್ರೀತಿ ಹೇಗಿತ್ತು ಅಂತ ಇದೆ.

ಇವರೆಲ್ಲ ಲೇಖಕರು, ಅಧ್ಯಾಪಕರು. ಅವರ ಸುತ್ತ ಬೆಂಬಲಕ್ಕೆ ನಿಲ್ಲೋ ಗೆಳೆಯರಿದ್ರು. ಕೋಣನೂರಿನ ಹತ್ರ ಹೊಗೆಸೊಪ್ಪು ಬೆಳೆಯೋ ಮನೆ ಹುಡುಗಿಗೋ, ಆಲೂಗಡ್ಡೆ ಬಿತ್ತನೆ ಮಾಡೋ ಮನೆಯ ಹುಡುಗನಿಗೋ ಆ ಬೆಂಬಲ ಇರಲಿಲ್ಲ. ಅವರಿಗೆ ದಾರಿ ತೆರೆದಿದ್ದು ಬೆಂಗಳೂರು.

ಆ ದಾರಿ ನಿಮಗೆಲ್ಲ ಬಾಯಿಪಾಠ. ಹಾಸನ, ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್, ನೆಲಮಂಗಲ. 2017ರ ಮಾರ್ಚ್ 26ಕ್ಕೆ ರೈಲೂ ಬಂತು, ಶ್ರವಣಬೆಳಗೊಳ, ಕುಣಿಗಲ್ ಮೇಲೆ ನೇರ ಬೆಂಗಳೂರಿಗೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು ಪ್ರಧಾನಿಯಾಗಿದ್ದಾಗ ಮಂಜೂರಾದ ದಾರಿ, ಮುಗಿಯೋಕೆ ಎರಡು ದಶಕ ಹಿಡೀತು. ಅಲ್ಲಿವರೆಗೆ ರೈಲಲ್ಲಿ ಹೋಗಬೇಕಾದ್ರೆ ಅರಸೀಕೆರೆ ಸುತ್ತಬೇಕು, ಇಲ್ಲಾ ಮೈಸೂರು ಸುತ್ತಬೇಕು.

ಬೆಂಗಳೂರು ಕೊಟ್ಟಿದ್ದೇನು? ಸಂಬಳ ಅಂತ ಎಲ್ಲರೂ ಹೇಳ್ತಾರೆ. ಅದಕ್ಕಿಂತ ದೊಡ್ಡದು, ಯಾರಿಗೂ ಗೊತ್ತಿಲ್ಲದೇ ಇರೋ ಅವಕಾಶ. ಅರಕಲಗೂಡಿನ ಕೋಟೆ ಬೀದಿಯಲ್ಲಿ ಒಂದು ಹುಡುಗ ಒಂದು ಹುಡುಗಿ ಟೀ ಕುಡಿದ್ರೆ ಸಂಜೆಗೆ ಎರಡೂ ಮನೆಗೆ ಗೊತ್ತು. ಬೆಂಗಳೂರಲ್ಲಿ ಪಕ್ಕದ ಫ್ಲಾಟಿನವರ ಹೆಸರೇ ಗೊತ್ತಿಲ್ಲ. ಆದ್ರೆ ಅದೂ ಪೂರ್ತಿ ನಿಜ ಅಲ್ಲ. ನಮ್ಮ ಕಡೆಯವರು ಎಲ್ಲಿರ್ತಾರೆ? ವಿಜಯನಗರ, ನಾಗರಬಾವಿ, ಸುಂಕದಕಟ್ಟೆ, ಲಗ್ಗೆರೆ. ಊರೇ ಎದ್ದು ಬಂದು ಅಲ್ಲಿ ಕೂತಿದೆ. ಯಾರೋ ಅತ್ತೆ ಮಗ ಮೆಟ್ರೋದಲ್ಲಿ ನೋಡ್ತಾನೆ, "ನಿಮ್ಮ ಹುಡ್ಗಿನ ಮೊನ್ನೆ ಕಂಡೆ ಕಣತ್ತೆ" ಅಂತ ಫೋನ್ ಹೋಗುತ್ತೆ. ಶುಕ್ರವಾರ ಸಂಜೆ ಗೊರಗುಂಟೆಪಾಳ್ಯದಲ್ಲಿ ಬಸ್ಸಿಗೆ ನಿಲ್ಲೋ ಜೋಡಿಗಳು ಸ್ವಲ್ಪ ದೂರ ದೂರ ನಿಲ್ತಾರೆ, ಗಮನಿಸಿದ್ದೀರಾ? ಆ ಬಸ್ಸಿನೊಳಗೆ ಆಗಲೇ ಹಾಸನ ಶುರುವಾಗಿರುತ್ತೆ.

ಮನೆಯವರ ವಿರೋಧಕ್ಕೆ ಜಾತಿ, ಮರ್ಯಾದೆ ಅಂತ ಹೆಸರು. ಅದರ ಕೆಳಗೆ ಜಮೀನೂ ಇದೆ, ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. 1954ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಅವಿಭಕ್ತ ಕುಟುಂಬದ ಹಿಂದೂ ಒಬ್ಬರು ಈ ಕಾಯ್ದೆಯಲ್ಲಿ ಮದುವೆ ಆದ್ರೆ ಅವರು ಆ ಕುಟುಂಬದಿಂದ ಬೇರೆಯಾದ ಹಾಗೆ. ಪಾಲು ತಪ್ಪಲ್ಲ, ಆದ್ರೆ ಕೂಡುಕುಟುಂಬ ಮುಗೀತು. ಇಬ್ಬರೂ ಹಿಂದೂ, ಬೌದ್ಧ, ಸಿಖ್, ಜೈನ ಆಗಿದ್ರೆ ಇದು ಅನ್ವಯಿಸಲ್ಲ ಅಂತ 1976ರಲ್ಲಿ ತಿದ್ದಿದ್ರು. ನಮ್ಮ ಕಲ್ಪನೆಯ ಜೋಡಿಯಂತೆ ಧರ್ಮ ಬೇರೆ ಆದವರಿಗೆ ಅದು ಹಾಗೇ ಇದೆ. ಇನ್ನೊಂದು ಕಡೆ, ಕರ್ನಾಟಕ 1994ರಲ್ಲೇ, ಅಂದ್ರೆ ದೇಶಕ್ಕಿಂತ 11 ವರ್ಷ ಮುಂಚೆ, ಮದುವೆ ಆಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಡ್ತು. ಒಳ್ಳೇದೇ ಆಯ್ತು. ಆದ್ರೆ ಮಗಳು ಯಾರನ್ನ ಕಟ್ಕೋತಾಳೆ ಅನ್ನೋದು ಅವತ್ತಿನಿಂದ ಅಣ್ಣತಮ್ಮಂದಿರಿಗೆ ಪಹಣಿ ವಿಷಯವೂ ಆಯ್ತು ಅಂತ ನನಗನ್ನಿಸುತ್ತೆ.

ಒಂದೇ ಧರ್ಮದ ಬೇರೆ ಜಾತಿಯ ಜೋಡಿಗೆ ಈ ನೋಟಿಸಿನ ಕಾಟ ಕಡಿಮೆ. 1949ರ ಕಾನೂನು, ಆಮೇಲೆ 1955ರ ಹಿಂದೂ ವಿವಾಹ ಕಾಯ್ದೆ ಅಂತರ್ಜಾತಿ ಮದುವೆಯನ್ನ ಒಪ್ಪಿವೆ. ದೇವಸ್ಥಾನದಲ್ಲಿ ತಾಳಿ ಕಟ್ಟಿ, ಶಾಸ್ತ್ರ ಮುಗಿಸಿ, ಸಬ್ ರಿಜಿಸ್ಟ್ರಾರ್ ಹತ್ರ ನೋಂದಣಿ ಮಾಡಿಸಬಹುದು. 30 ದಿನದ ಮಾತಿಲ್ಲ. ನಾಸ್ತಿಕರಾದ ಗೆಳೆಯರೂ ಕೊನೆಗೆ ದೇವಸ್ಥಾನಕ್ಕೇ ಓಡೋದು ಇದಕ್ಕೇ. ತಮಿಳುನಾಡು ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗೆ ಅಣ್ಣಾದೊರೈ ಕಾಲದಲ್ಲೇ ಕಾನೂನಿನ ಬಲ ಕೊಡ್ತು. ನಾವು ಮಂತ್ರಮಾಂಗಲ್ಯ ಕೊಟ್ಟ ನಾಡು, ಅಂಥದ್ದೊಂದು ಕಾನೂನು ಮಾಡಲಿಲ್ಲ.

ಆದ್ರೆ ಜಾತಿ ಅಂದ್ರೆ ಅಷ್ಟು ಸಲೀಸಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗ, ಮಧುವರಸನ ಮಗಳ ಮದುವೆ ಆಗಿದ್ದಕ್ಕೆ ಏನಾಯ್ತು ಅನ್ನೋದು ನಮ್ಮ ನಾಡಿನ ನೆನಪಲ್ಲಿ ಇನ್ನೂ ಹಸಿಯಾಗಿದೆ. ಈಚಿನ ವರ್ಷಗಳಲ್ಲೂ ಪಕ್ಕದ ಮಂಡ್ಯ ಸೇರಿ ರಾಜ್ಯದ ಹಲವು ಕಡೆ ಮರ್ಯಾದೆಗೇಡು ಹತ್ಯೆಗಳಾಗಿವೆ. ಹುಡುಗಿಯನ್ನ ಕೊಂದವರು ಹೊರಗಿನವರಲ್ಲ, ಹೆತ್ತವರು, ಒಡಹುಟ್ಟಿದವರು. 2018ರಲ್ಲಿ ಸುಪ್ರೀಂ ಕೋರ್ಟ್ ಇಂಥ ಜೋಡಿಗಳಿಗೆ ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ, ಸುರಕ್ಷಿತ ವಸತಿ ಬೇಕು ಅಂತ ನಿರ್ದೇಶನ ಕೊಟ್ಟಿದ್ದು ಸುಮ್ಮನೆ ಅಲ್ಲ.

ಕೋರ್ಟಿನ ಎರಡು ಕಥೆ ಹೇಳ್ತೀನಿ, ಎರಡೂ ಕರ್ನಾಟಕದ್ದೇ. ಹೆಸರು ಬೇಡ, ಅವರು ಅವರ ಪಾಡಿಗೆ ಬದುಕಲಿ.

2020ರ ನವೆಂಬರ್. ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ, ತಾನು ಮದುವೆ ಆಗಬೇಕಾದ ಹುಡುಗಿಯನ್ನ ಬಿಡಿಸಿಕೊಡಿ ಅಂತ. ಅವಳೂ ಸಾಫ್ಟ್‌ವೇರ್ ಇಂಜಿನಿಯರ್. ಧರ್ಮ ಬೇರೆ. ಅವಳನ್ನ ಒಂದು ಮಹಿಳಾ ಆಶ್ರಯ ಸಂಸ್ಥೆಯಲ್ಲಿ ಇರಿಸಲಾಗಿತ್ತು. ಅವಳು ಕೋರ್ಟ್ ಮುಂದೆ ಬಂದು ತನ್ನ ಇಷ್ಟ ಏನು ಅಂತ ಹೇಳಿದಳು. ಪೀಠ ಹೇಳಿದ್ದು ಸ್ಪಷ್ಟವಾಗಿತ್ತು: ವಯಸ್ಕರಾದವರು ತಮಗೆ ಬೇಕಾದವರನ್ನ ಮದುವೆ ಆಗೋದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು, ಜಾತಿ-ಧರ್ಮ ನೋಡಿ ಅದನ್ನ ಯಾರೂ ಕಿತ್ಕೊಳ್ಳೋ ಹಾಗಿಲ್ಲ. ಅವಳನ್ನ ಬಿಡುಗಡೆ ಮಾಡಿ ಅಂತ ಆದೇಶ ಆಯ್ತು.

ಎರಡನೇದು ಬೆಳಗಾವಿ ಕಡೆಯದು, ಸುಪ್ರೀಂ ಕೋರ್ಟಿಗೆ ಹೋಯ್ತು, 2021ರ ಫೆಬ್ರವರಿಯಲ್ಲಿ ತೀರ್ಪು ಬಂತು. ಕಾಲೇಜಿನಲ್ಲಿ ಪಾಠ ಹೇಳೋ ಹುಡುಗಿ ಮನೆಯಲ್ಲಿ ಹೇಳದೆ ಹುಬ್ಬಳ್ಳಿಯಿಂದ ವಿಮಾನ ಹತ್ತಿ, ಬೆಂಗಳೂರು ಮೇಲೆ ದೆಹಲಿಗೆ ಹೋಗಿ ಮದುವೆ ಆದಳು. ಮದುವೆ ಸರ್ಟಿಫಿಕೇಟನ್ನ ಅಪ್ಪ-ಅಮ್ಮನಿಗೆ ವಾಟ್ಸಾಪ್ ಮಾಡಿದಳು! ಅಷ್ಟರಲ್ಲಿ ಮುರಗೋಡ ಠಾಣೆಯಲ್ಲಿ ಮಿಸ್ಸಿಂಗ್ ದೂರು ದಾಖಲಾಗಿತ್ತು. ಮದುವೆ ಆಗಿದ್ದು ಗೊತ್ತಾದ ಮೇಲೂ ತನಿಖಾಧಿಕಾರಿ ಕೇಸ್ ಮುಗಿಸಲಿಲ್ಲ. ಠಾಣೆಗೆ ಬಂದು ಹೇಳಿಕೆ ಕೊಡು, ಇಲ್ಲದಿದ್ರೆ ಗಂಡನ ಮೇಲೆ ಅಪಹರಣದ ಕೇಸ್ ಆಗುತ್ತೆ ಅನ್ನೋ ಧಾಟಿ. ಕೋರ್ಟ್ ಇದನ್ನ ಒಪ್ಪಲಿಲ್ಲ. ಇಬ್ಬರು ವಯಸ್ಕರು ಒಪ್ಪಿದ ಮೇಲೆ ಮನೆಯವರ, ಸಮುದಾಯದ, ಕುಲದ ಒಪ್ಪಿಗೆ ಬೇಕಾಗಿಲ್ಲ ಅಂತು. ಅಂಬೇಡ್ಕರ್ ಅವರ 'ಜಾತಿ ವಿನಾಶ'ವನ್ನ ನೆನೆಸಿಕೊಂಡಿತು. ಇಂಥ ಪ್ರಕರಣಗಳಲ್ಲಿ ಹೇಗೆ ನಡ್ಕೋಬೇಕು ಅಂತ ಪೊಲೀಸರಿಗೆ ತರಬೇತಿ, ಮಾರ್ಗಸೂಚಿ ಎಂಟು ವಾರದಲ್ಲಿ ಮಾಡಿ ಅಂತ ಹೇಳ್ತು.

ನೋಡಿ, ಇಲ್ಲೂ ಅದೇ ಕಥೆ. ಹುಡುಗಿ ಇರೋದು ದೂರದಲ್ಲಿ, ಆದ್ರೆ ಎಲ್ಲ ದಾರಿಯೂ ಅವಳನ್ನ ಊರಿನ ಠಾಣೆಗೇ ಎಳೀತಾ ಇದೆ.

ಹಾಗಾದ್ರೆ ನೋಟಿಸ್? 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್, ಜೋಡಿ ತಾವಾಗಿ ಬರೆದುಕೊಟ್ರೆ ಮಾತ್ರ ನೋಟಿಸ್ ಪ್ರಕಟಿಸಿ, ಬಲವಂತ ಮಾಡಬೇಡಿ ಅಂತು. ಆದ್ರೆ ಅದು ಉತ್ತರ ಪ್ರದೇಶದ ಕೋರ್ಟಿನ ಮಾತು. ಅದಕ್ಕೂ ಮುಂಚೆ 2018ರಲ್ಲಿ ಕಾನೂನು ಆಯೋಗವೂ ತನ್ನ ಸಮಾಲೋಚನಾ ಪತ್ರದಲ್ಲಿ ಈ 30 ದಿನದ ಬಗ್ಗೆ ಮತ್ತೆ ಯೋಚನೆ ಮಾಡಬೇಕು ಅಂದಿತ್ತು. ಸಂಸತ್ತು ಬರೆದ ಸೆಕ್ಷನ್ ಮಾತ್ರ 1954ರಲ್ಲಿ ಹೇಗಿತ್ತೋ ಹಾಗೇ ಇದೆ. ಒಬ್ಬರಿಗೆ ಎರಡು ಮದುವೆ ಆಗದೇ ಇರಲಿ ಅನ್ನೋದೇ ಉದ್ದೇಶ ಆಗಿದ್ರೆ, ಆಧಾರ್, ಆನ್‌ಲೈನ್ ನೋಂದಣಿ ಇರೋ ಕಾಲದಲ್ಲಿ ಅದಕ್ಕೆ ಗೋಡೆ ಬೇಕಾ? ಮನೆಯವರು ಒಪ್ಪಿ ಮಾಡೋ ಮದುವೆಗೆ ಯಾವ ಕಾನೂನೂ 30 ದಿನ ಬೋರ್ಡಿಗೆ ಹಾಕಿ ಅನ್ನಲ್ಲ. ಕಲ್ಯಾಣ ಮಂಟಪದ ಮುಂದೆ ಫ್ಲೆಕ್ಸ್ ಹಾಕಿಸೋದು ಅವರ ಸಂತೋಷಕ್ಕೆ.

ಕೊನೆಯದಾಗಿ ಆ ಫಾರಂ ಬಗ್ಗೆ. ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ನೋಟಿಸಿನ ನಮೂನೆ ಇದೆ. ಹೆಸರು. ಅವಿವಾಹಿತರಾ, ವಿಧುರರಾ, ವಿಚ್ಛೇದಿತರಾ. ಉದ್ಯೋಗ. ವಯಸ್ಸು. ವಾಸಸ್ಥಳ. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ: ಈಗಿನ ವಾಸಸ್ಥಳ ಕಾಯಂ ಅಲ್ಲದಿದ್ದರೆ, ಕಾಯಂ ವಾಸಸ್ಥಳ. ಪಿಜಿಯಲ್ಲಿ ಮೂರು ವರ್ಷ, ಬಾಡಿಗೆ ಮನೆಯಲ್ಲಿ ಐದು ವರ್ಷ ಇದ್ದವರೂ ಅಲ್ಲಿ ಬಂದು ಪೆನ್ ನಿಲ್ಲಿಸ್ತಾರೆ. ಆಧಾರಲ್ಲಿ ಊರಿನ ವಿಳಾಸ ಇದೆ, ವೋಟು ಊರಲ್ಲಿದೆ, ರೇಷನ್ ಕಾರ್ಡಲ್ಲಿ ಹೆಸರು ಅಪ್ಪನ ಕೆಳಗಿದೆ. ನಮ್ಮ ಕಲ್ಪನೆಯ ಹುಡುಗಿ ಹುಡುಗನ ಕಡೆ ತಿರುಗಿ, "ಲೋ, ಇಲ್ಲೇನೋ ಬರೀಲಿ?" ಅಂತ ಕೇಳೋದು ಇದೇ ಕಾಲಮ್ಮಿನ ಹತ್ರ. ನೀವು ಬೆಂಗಳೂರಲ್ಲಿದ್ದು ಇದನ್ನ ಕೇಳ್ತಾ ಇದ್ರೆ, ಆ ಕಾಲಮ್ಮಲ್ಲಿ ಏನು ಬರೀತೀರಿ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.